ಕ್ಯಾನ್ವಾಸಿನ ಹಿಂದೆ ಮರ ಇದೆಯಾ?

ನಮ್ಮ ಆಫೀಸಿನಲ್ಲಿ ಮೀಟಿಂಗ್ ರೂಮುಗಳಿಗೆ ಮರಗಳ ಹೆಸರಿಟ್ಟಿದ್ದಾರೆ. ಹೊಂಗೆ, ಬೇವು, ಅರಳಿ, ಸಂಪಿಗೆ. "ಅರಳಿ ಖಾಲಿ ಇಲ್ಲ, ಬೇವಿಗೆ ಬನ್ನಿ" ಅಂತ ದಿನಕ್ಕೆ ಹತ್ತು ಸಲ ಮೆಸೇಜು ಬರುತ್ತೆ. ಅರಳಿಯಲ್ಲಿ ಎ.ಸಿ. ಜಾಸ್ತಿ, ಬೇವಿನಲ್ಲಿ ಪ್ರೊಜೆಕ್ಟರ್ ಕೆಟ್ಟಿದೆ. ಈ ರೂಮುಗಳ ಹೊರಗಿನ ಗೋಡೆಗೆ ಹೋದ ವರ್ಷ ಒಂದು ದೊಡ್ಡ ಪೇಂಟಿಂಗಿನ ಪ್ರಿಂಟು ತಂದು ತೂಗುಹಾಕಿದರು. ಹೊಸಬರಿಗೆ ಆಫೀಸು ತೋರಿಸುವಾಗ ಅದರ ಮುಂದೆ ನಿಲ್ಲಿಸಿ "ವೆರಿ ಸರ್ರಿಯಲ್, ಅಲ್ವಾ?" ಅಂತ ಕೇಳ್ತಾರೆ. ಹೊಸಬರು ತಲೆ ಆಡಿಸ್ತಾರೆ. ಕೆಲಸಕ್ಕೆ ಸೇರಿದ ಮೊದಲ ದಿನ ಯಾರು ತಾನೇ ಇಲ್ಲ ಅಂತಾರೆ?

ಪೇಂಟಿಂಗು ಯಾವುದು ಅಂದ್ರೆ, ಬೆಲ್ಜಿಯಮ್ಮಿನ ರೆನೆ ಮ್ಯಾಗ್ರಿಟ್ 1933ರಲ್ಲಿ ಬರೆದದ್ದು. ಹೆಸರು 'ಮನುಷ್ಯನ ಸ್ಥಿತಿ'. ಮೂಲಚಿತ್ರ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಮ್ಮ ಗೋಡೆಯಲ್ಲಿರೋ ಅಷ್ಟು ದೊಡ್ಡದೇನಲ್ಲ, ಎತ್ತರ ಒಂದು ಮೀಟರು, ಅಗಲ 81 ಸೆಂಟಿಮೀಟರು.

ಚಿತ್ರದಲ್ಲಿ ಏನಿದೆ? ಒಂದು ಕೋಣೆ, ಅದಕ್ಕೊಂದು ಕಿಟಕಿ, ಕಿಟಕಿಯ ಎರಡೂ ಬದಿಗೆ ಕಂದು ಪರದೆ. ಕಿಟಕಿಯ ಮುಂದೆ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಬರೆದು ಮುಗಿಸಿದ ಒಂದು ಕ್ಯಾನ್ವಾಸು. ಹೊರಗೆ ಹಸಿರು ಬಯಲು, ಒಂದು ದಾರಿ, ಪೊದೆಗಳು, ಬಿಳಿ ಮೋಡದ ಆಕಾಶ. ಕ್ಯಾನ್ವಾಸಿನ ಮೇಲೂ ಅದೇ ಬಯಲು, ಅದೇ ದಾರಿ, ಅದೇ ಆಕಾಶ, ಜೊತೆಗೊಂದು ಮರ. ಹೊರಗಿನ ನೋಟಕ್ಕೂ ಕ್ಯಾನ್ವಾಸಿನ ನೋಟಕ್ಕೂ ಎಲ್ಲಿ ಗಡಿ ಅಂತ ಮೊದಲ ನೋಟಕ್ಕೆ ಗೊತ್ತೇ ಆಗಲ್ಲ. ಬಲಗಡೆ ಕ್ಯಾನ್ವಾಸಿನ ಬಿಳಿ ಅಂಚು, ಅದಕ್ಕೆ ಹೊಡೆದ ಮೊಳೆಗಳು, ಮೇಲೆ ಸ್ಟ್ಯಾಂಡಿನ ಹಿಡಿ. ಇಷ್ಟು ಕಂಡಾಗಲೇ "ಓಹೋ, ಇಲ್ಲೊಂದು ಚಿತ್ರ ಇದೆ" ಅಂತ ಹೊಳೆಯೋದು.

ಮರ ಇರೋದು ಕ್ಯಾನ್ವಾಸಿನ ಮೇಲೆ ಮಾತ್ರ. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ನನ್ನ ಜಗಳ ಶುರು. ಮೊದಲನೇ ಜಗಳ 'ಸರ್ರಿಯಲ್' ಅನ್ನೋ ಪದದ ಜೊತೆ. ನಮ್ಮ ಬಾಯಲ್ಲಿ ಅದು ಸವೆದು ಚಪ್ಪಟೆಯಾಗಿದೆ. ಸಿಲ್ಕ್ ಬೋರ್ಡಿನಲ್ಲಿ ಟ್ರಾಫಿಕ್ ಇಲ್ಲದಿದ್ರೆ ಸರ್ರಿಯಲ್. ಮುಳ್ಳಯ್ಯನಗಿರಿ ಮೇಲೆ ಮಂಜು ಬಿದ್ರೆ ಸರ್ರಿಯಲ್. ಎ.ಐ.ಗೆ ಒಂದು ಸಾಲು ಟೈಪ್ ಮಾಡಿ, ಆಕಾಶದಲ್ಲಿ ಬೇರು ಬಿಟ್ಟ ನೇರಳೆ ಬಣ್ಣದ ಮರ ಬಂದ್ರೆ ಅದಂತೂ ಸರ್ರಿಯಲ್ಲೋ ಸರ್ರಿಯಲ್. ಅಂದ್ರೆ ನಮ್ಮ ಲೆಕ್ಕದಲ್ಲಿ ವಿಚಿತ್ರವಾಗಿದ್ದು, ಚೆಂದ ಇದ್ದು, ತಲೆ ಕೆಡಿಸದೆ ಇದ್ರೆ ಸಾಕು. ಇದಕ್ಕೆ ಡಾಲಿಯನ್ನ ದೂರಬಹುದೇನೋ. 1931ರಲ್ಲಿ ಆತ ಬೋಳು ಮರದ ಕೊಂಬೆಗೆ ಒಂದು ಗಡಿಯಾರವನ್ನ ಒದ್ದೆ ಟವೆಲಿನ ತರ ನೇತುಹಾಕಿ ಬರೆದ. ಅಲ್ಲಿಂದ ಈಚೆಗೆ ಕರಗೋದು, ಹಾರೋದು, ತಲೆಕೆಳಗಾಗೋದು ಇದ್ರೆ ಮಾತ್ರ ಸರ್ರಿಯಲಿಸಂ ಅಂತ ಜಗತ್ತು ತೀರ್ಮಾನ ಮಾಡಿಬಿಟ್ಟಿದೆ.

ಆದ್ರೆ ಮ್ಯಾಗ್ರಿಟ್‌ನ ಈ ಚಿತ್ರ ನೋಡಿ. ಏನು ಕರಗ್ತಿದೆ? ಏನು ಹಾರ್ತಿದೆ? ಮರ ಮರದ ತರಾನೇ ಇದೆ. ಎಲೆ ಹಸಿರು, ಕಾಂಡ ಕಂದು. ಶಾಲೆಯ ಡ್ರಾಯಿಂಗ್ ಮೇಷ್ಟ್ರು ನೋಡಿದ್ರೆ ಹತ್ತಕ್ಕೆ ಎಂಟು ಮಾರ್ಕ್ಸು ಕೊಟ್ಟು ಕಳಿಸ್ತಿದ್ರು. ಈ ಚಿತ್ರದಲ್ಲಿ ನಡೆಯಲಾರದ್ದು ಅಂತ ಒಂದೂ ಇಲ್ಲ. ಯಾರು ಬೇಕಾದ್ರೂ ಕಿಟಕಿ ಮುಂದೆ ಸ್ಟ್ಯಾಂಡ್ ಇಟ್ಟು ಹೊರಗಿರೋದನ್ನ ಹಾಗೇ ಬರೀಬಹುದು. ಹಾಗಿದ್ರೆ ಇದನ್ನ ನೋಡಿದಾಗ ಹೊಟ್ಟೆಯಲ್ಲಿ ಏನೋ ಒಂದು ಜಾರಿದ ಹಾಗೆ ಆಗೋದು ಯಾಕೆ?

ಮ್ಯಾಗ್ರಿಟ್ 1938ರಲ್ಲಿ ಆಂಟ್‌ವರ್ಪಿನಲ್ಲಿ ಒಂದು ಉಪನ್ಯಾಸ ಕೊಟ್ಟಾಗ ಇದನ್ನ ವಿವರಿಸಿದ. ಅವನ ಮಾತಿನ ಸಾರ ಇಷ್ಟು: ಕಿಟಕಿಯ ಮುಂದೆ ಇಟ್ಟ ಕ್ಯಾನ್ವಾಸಿನಲ್ಲಿ, ಆ ಕ್ಯಾನ್ವಾಸು ಮುಚ್ಚಿರುವ ನೋಟವೇ ಇದೆ. ಹಾಗಾಗಿ ಚಿತ್ರದ ಮರ ತನ್ನ ಹಿಂದಿರುವ ನಿಜವಾದ ಮರವನ್ನ ಮರೆಮಾಡುತ್ತದೆ. ನೋಡುವವನ ಪಾಲಿಗೆ ಮರ ಎರಡು ಕಡೆ ಇದೆ, ಕೋಣೆಯೊಳಗೆ ಚಿತ್ರದಲ್ಲಿ ಮತ್ತು ಹೊರಗೆ ಬಯಲಿನಲ್ಲಿ. ನಾವು ಜಗತ್ತನ್ನ ನೋಡೋದೂ ಹೀಗೇ ಅಂತ ಅವನು ಮುಂದುವರಿಸಿದ. ಹೊರಗಿದೆ ಅಂದುಕೊಂಡು ನೋಡ್ತೀವಿ, ನಮ್ಮ ಹತ್ತಿರ ಇರೋದು ಮಾತ್ರ ತಲೆಯೊಳಗಿನ ಚಿತ್ರ.

ಇಲ್ಲಿಗೆ ಬಂದು ನಮ್ಮ ಬುದ್ಧಿವಂತರು ಸಮಾಧಾನ ಪಟ್ಟುಕೊಂಡು ಕೂತುಬಿಡ್ತಾರೆ. "ಆಹಾ, ತತ್ವಶಾಸ್ತ್ರ! ನೋಟ ಮತ್ತು ವಾಸ್ತವ! ಮಾಯೆ!" ನಮ್ಮ ಟೀಮಿನ ಒಬ್ಬ ಗೆಳೆಯ ಊಟದ ಹೊತ್ತಿನಲ್ಲಿ ನನಗೆ ಹೇಳಿದ್ದೂ ಇದನ್ನೇ. "ಗುರೂ, ಇದು ಮನಸ್ಸಿನ ಬಗ್ಗೆ ಇರೋ ಚಿತ್ರ. ಅದರಲ್ಲಿ ಮರ ಇರೋದು ಆಕಸ್ಮಿಕ. ಮರದ ಬದಲು ಕಂಬ ಇದ್ರೂ ಆಗ್ತಿತ್ತು." ಅವನ ಮಾತು ಪೂರ್ತಿ ಸುಳ್ಳಲ್ಲ. 1935ರಲ್ಲಿ ಮ್ಯಾಗ್ರಿಟ್ ಇದೇ ಹೆಸರಿನಲ್ಲಿ ಸಮುದ್ರ ಇಟ್ಟುಕೊಂಡೂ ಬರೆದಿದ್ದಾನೆ.

ನನ್ನ ಪ್ರಶ್ನೆ ಅದಕ್ಕಿಂತ ದಡ್ಡ ಪ್ರಶ್ನೆ. ಕ್ಯಾನ್ವಾಸಿನ ಹಿಂದೆ ಮರ ಇದೆ ಅಂತ ಯಾರು ನೋಡಿದ್ದಾರೆ?

ಮ್ಯಾಗ್ರಿಟ್ ಇದೆ ಅಂದ, ಸರಿ. ಆದ್ರೆ ಚಿತ್ರದೊಳಗೆ ಅದಕ್ಕೆ ಸಾಕ್ಷಿ ಇಲ್ಲ. ಸುತ್ತಲಿನ ಬಯಲು ಹೊಂದುತ್ತೆ, ದಾರಿ ಹೊಂದುತ್ತೆ, ಮೋಡ ಹೊಂದುತ್ತೆ. ಅಂಚೆಲ್ಲಾ ಸರಿಯಾಗಿ ಕೂತಿದೆ ಅಂತ ನಡುವಿನದೂ ಸರಿ ಇರಬೇಕು ಅಂತ ನಾವೇ ತೀರ್ಮಾನ ಮಾಡ್ತೀವಿ. ಚಿತ್ರದ ಎಡ ಅಂಚು ನೋಡಿ. ಅಲ್ಲಿ ಕ್ಯಾನ್ವಾಸು ಪರದೆಯ ಮೇಲೂ ಸ್ವಲ್ಪ ಹಾದುಹೋಗಿದೆ. ಆ ಪಟ್ಟಿಯ ಹಿಂದೆ ಇರೋದು ಪರದೆ ಬಟ್ಟೆ. ಕ್ಯಾನ್ವಾಸು ತೋರಿಸ್ತಿರೋದು ಮಾತ್ರ ಬಯಲು ನೋಟ. ಒಂದು ಅಂಚಿನಲ್ಲಿ ಹಿಂದಿರೋದು ಒಂದು, ತೋರಿಸೋದು ಇನ್ನೊಂದು ಅಂತಾದ್ರೆ, ನಡುವಿನ ಮರದ ವಿಷಯದಲ್ಲಿ ಅದನ್ನ ಹೇಗೆ ನಂಬೋದು?

ನಾನು ಹನ್ನೆರಡು ವರ್ಷದಿಂದ ಸಾಫ್ಟ್‌ವೇರ್ ಬರೀತಿದೀನಿ. ನನಗೆ ಈ ಚಿತ್ರ ಕಂಡಿದ್ದು ಕ್ಯಾಶ್ ಆಗಿ. ದುಡ್ಡಿನ ಕ್ಯಾಶ್ ಅಲ್ಲ. ಪ್ರತಿ ಸಲ ದೂರದ ಸರ್ವರಿಗೆ ಹೋಗಿ ಕೇಳೋದು ತಡ ಅಂತ ಹತ್ತಿರದಲ್ಲೇ ಒಂದು ನಕಲು ಇಟ್ಟುಕೊಳ್ತೀವಲ್ಲ, ಅದು. ತುಂಬ ಒಳ್ಳೇ ಉಪಾಯ, ಅದಿಲ್ಲದೆ ನಿಮ್ಮ ಫೋನಿನಲ್ಲಿ ಒಂದು ಆ್ಯಪೂ ಸಲೀಸಾಗಿ ಓಡಲ್ಲ. ಆದ್ರೆ ಆ ನಕಲಿಗೆ ಒಂದು ಆಯಸ್ಸು ಕೊಡಬೇಕು. ಇಷ್ಟು ಹೊತ್ತಾದ ಮೇಲೆ ಹಳೇದನ್ನ ಬಿಸಾಕು, ಹೋಗಿ ಮತ್ತೆ ಕೇಳಿಕೊಂಡು ಬಾ ಅಂತ. ಆಯಸ್ಸು ಕೊಡದ ಕ್ಯಾಶ್ ಏನು ಮಾಡುತ್ತೆ? ಸರ್ವರ್ ಸತ್ತು ಮೂರು ದಿನ ಆದ್ರೂ ನಗುನಗುತ್ತಾ ಹಳೇ ಉತ್ತರ ಕೊಡ್ತಾ ಇರುತ್ತೆ. ಡ್ಯಾಶ್‌ಬೋರ್ಡೆಲ್ಲಾ ಹಸಿರು, ಕಂಪ್ಲೇಂಟಿಲ್ಲ. ಇಂಥ ಬಗ್ಗುಗಳೇ ಹಿಡಿಯೋಕೆ ಕಷ್ಟ, ಯಾಕಂದ್ರೆ ಎಲ್ಲಾ ಚೆನ್ನಾಗೇ ಕಾಣ್ತಿರುತ್ತೆ.

ಮ್ಯಾಗ್ರಿಟ್‌ನ ಕ್ಯಾನ್ವಾಸು ಆಯಸ್ಸು ಕೊಡದ ಕ್ಯಾಶು. ಹೊರಗೆ ಯಾರಾದ್ರೂ ಬಂದು ಮರ ಕಡಿದುಕೊಂಡು ಹೋದ್ರೂ ಕೋಣೆಯೊಳಗಿನವನಿಗೆ ಗೊತ್ತಾಗಲ್ಲ.

ಇದನ್ನ ನಾನು ಸುಮ್ಮನೆ ಹೇಳ್ತಿಲ್ಲ. ನನಗೆ ಹೀಗೇ ಆಯ್ತು.

ನಮ್ಮದು ತುಮಕೂರು ಜಿಲ್ಲೆಯ ಒಣ ಸೀಮೆ. ಹೊಲದ ಬದುವಿನಲ್ಲಿ ಒಂದು ಹುಣಸೆ ಮರ ಇತ್ತು, ನಮ್ಮ ತಾತ ಹುಡುಗನಾಗಿದ್ದಾಗಲೇ ಅದು ದೊಡ್ಡದಾಗಿತ್ತಂತೆ. ಅದರ ಪಿಕ್ಕ ಒಡೆದು ಚೌಕಾಬಾರ ಆಡಿದೀವಿ, ಚಿಗುರು ತಿಂದು ಹಲ್ಲು ಚುಳ್ಳೆನಿಸಿಕೊಂಡಿದೀವಿ, ಕತ್ತಲಾದ ಮೇಲೆ ಅದರ ಕೆಳಗೆ ಹಾದು ಬರುವಾಗ ದೆವ್ವಕ್ಕೆ ಹೆದರಿ ಓಡಿದೀವಿ. ನನ್ನ ಬಿ.ಇ. ಎರಡನೇ ವರ್ಷದ ಹಾಸ್ಟೆಲ್ ಫೀಸು ಕಟ್ಟಿದ್ದು ಆ ಮರದ ಹಣ್ಣು ಬಡಿದು ಮಾರಿದ ದುಡ್ಡಿನಲ್ಲಿ. ಕೆಲಸ ಸಿಕ್ಕಿದ ವರ್ಷ ಯುಗಾದಿಗೆ ಹೋದಾಗ ಹೊಸ ಕ್ಯಾಮೆರಾದಲ್ಲಿ ಅದರ ಫೋಟೋ ತೆಗೆದು ಲ್ಯಾಪ್‌ಟಾಪಿಗೆ ವಾಲ್‌ಪೇಪರ್ ಮಾಡಿಕೊಂಡೆ. ಕಂಪನಿ ಬದಲಾಯ್ತು, ಲ್ಯಾಪ್‌ಟಾಪ್ ಬದಲಾಯ್ತು, ಮರ ಮಾತ್ರ ಒಂದರಿಂದ ಇನ್ನೊಂದಕ್ಕೆ ಕಾಪಿ ಆಗ್ತಾ ಬಂತು. ದಿನಾ ಬೆಳಗ್ಗೆ ಪಾಸ್‌ವರ್ಡ್ ಹಾಕಿದ ತಕ್ಷಣ ನಮ್ಮ ಹೊಲ. "ವಾವ್, ಎಲ್ಲಿದು?" ಅಂತ ಯಾರಾದ್ರೂ ಕೇಳಿದ್ರೆ "ನಮ್ಮೂರು" ಅಂತ ಹೇಳೋದೇ ಒಂದು ಖುಷಿ. ಬೇರು ಮರೆತಿಲ್ಲ ಅನ್ನೋದಕ್ಕೆ ನನ್ನ ಹತ್ತಿರ ಸಾಕ್ಷಿ ಇತ್ತು, 1920 ಬೈ 1080 ಪಿಕ್ಸೆಲ್ಲಿನದು.

ಒಂದು ದಿನ ಮೀಟಿಂಗಿನ ಮಧ್ಯೆ ಅಪ್ಪನ ಫೋನು. ಮ್ಯೂಟ್ ಹಾಕಿ ತೆಗೆದೆ.

"ಹುಣಸೆ ಮರುಕ್ಕೆ ಸೌದೆಯೋರು ಬಂದವ್ರೆ ಕಣಪ್ಪ. ಮೋಟ್ರು ಬೇರೆ ಸುಟ್ಟೋಗೈತೆ. ಏನ್ ಮಾಡಾನ?"

"ನೀನ್ ಹೆಂಗಂದ್ರೆ ಹಂಗೆ ಕಣಪ್ಪ. ಮೀಟಿಂಗಲ್ಲಿದೀನಿ, ಆಮೇಲೆ ಮಾಡ್ತೀನಿ."

ಆಮೇಲೆ ಮಾಡಲಿಲ್ಲ. ಅವತ್ತು ಸಂಜೆ ರಿಲೀಸ್ ಇತ್ತು, ಮರೆತೇಹೋಯ್ತು.

ಹದಿನಾಲ್ಕು ತಿಂಗಳು ಕಳೆದವು. ಈ ನಡುವೆ ಊರಿಗೆ ಹೋಗಲಿಲ್ಲ ಅಂತೇನಿಲ್ಲ, ಮೂರು ನಾಲ್ಕು ಸಲ ಹೋಗಿದ್ದೆ. ಮನೆಗೆ ಹೋಗ್ತಿದ್ದೆ, ಹೊಲಕ್ಕೆ ಹೋಗ್ತಿರಲಿಲ್ಲ. ಶನಿವಾರ ಹೋಗಿ ಮುದ್ದೆ ಸಾರು ಉಂಡು, ಭಾನುವಾರ ಟ್ರಾಫಿಕ್ ಶುರುವಾಗೋ ಮುಂಚೆ ವಾಪಸ್ ಹೊರಡೋದು. ಕೊನೆಗೆ ನನ್ನ ಐದು ವರ್ಷದ ಮಗಳು "ಲ್ಯಾಪ್‌ಟಾಪ್ ಮರ ನೋಡ್ಬೇಕು" ಅಂತ ಹಟ ಹಿಡಿದಳು. ಕರ್ಕೊಂಡು ಹೋದೆ. ಬದುವಿನ ಮೇಲೆ ನೆಲದಿಂದ ಒಂದು ಗೇಣು ಎತ್ತರಕ್ಕೆ ಅಗಲವಾದ ಬೊಡ್ಡೆ. ಅದರ ಮೇಲೆ ಯಾರೋ ಕುಡಿದು ಬಿಟ್ಟ ಪ್ಲಾಸ್ಟಿಕ್ ಲೋಟ. "ಅಪ್ಪಾ, ಮರ ಎಲ್ಲಿ?" ಅಂದಳು. ನನಗೂ ಅವಳಷ್ಟೇ ಗೊತ್ತಿತ್ತು.

ಮ್ಯಾಗ್ರಿಟ್‌ನದೇ ಇನ್ನೊಂದು ಚಿತ್ರ ಇದೆ, 'ಅಲೆಕ್ಸಾಂಡರನ ಶ್ರಮಗಳು' ಅಂತ. ಕಡಿದುರುಳಿಸಿದ ಮರದ ಬೊಡ್ಡೆ, ಅದರ ಒಂದು ಬೇರು ತನ್ನನ್ನ ಕಡಿದ ಕೊಡಲಿಯನ್ನೇ ನೆಲಕ್ಕೆ ಒತ್ತಿ ಹಿಡಿದಿದೆ. 1967ರಲ್ಲಿ, ಸಾಯುವ ವರ್ಷ, ಇದನ್ನ ಕಂಚಿನ ಶಿಲ್ಪವಾಗಿಯೂ ರೂಪಿಸಿದ. ನಮ್ಮ ಬದುವಿನಲ್ಲಿ ಹಾಗೆ ಯಾವ ಬೇರೂ ಯಾರನ್ನೂ ಹಿಡಿದಿರಲಿಲ್ಲ. ಮಿಷನ್ ಗರಗಸದಲ್ಲಿ ಅರ್ಧ ದಿನದ ಕೆಲಸ ಅಂತೆ.

ಸಂಜೆ ಅಪ್ಪನಿಗೆ ಕೇಳಿದೆ. ಮರ ಹದಿನೆಂಟು ಸಾವಿರಕ್ಕೆ ಹೋಗಿತ್ತು. ಆ ದುಡ್ಡಿನಲ್ಲಿ ಬೋರಿಗೆ ಮೋಟರು ಹಾಕಿಸಿದ್ದರು. ನನ್ನ ಜೇಬಿನಲ್ಲಿದ್ದ ಫೋನಿನ ಬೆಲೆಯ ಅರ್ಧ ಇಲ್ಲ ಅದು. "ನನ್ನ ಕೇಳಿದ್ರೆ ಕೊಡ್ತಿರಲಿಲ್ವ?" ಅಂದೆ, ಸ್ವಲ್ಪ ಜೋರಾಗೇ.

ಅಪ್ಪ ನನ್ನ ಮುಖ ನೋಡಲಿಲ್ಲ. "ಕೇಳಿದ್ನಲ್ಲಪ್ಪ" ಅಂದರು.

ಇದಕ್ಕೆ ಏನು ಹೇಳ್ತೀರಿ?

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೀನಿ, ಯಾಕಂದ್ರೆ ಈ ಕಥೆ ಕೇಳಿದ ಕೂಡಲೇ "ಛೆ, ಹಳ್ಳಿಯವರಿಗೆ ಮರದ ಬೆಲೆ ಗೊತ್ತಿಲ್ಲ" ಅನ್ನೋರು ಇದ್ದಾರೆ. ಬೆಲೆ ಗೊತ್ತಿದ್ದದ್ದು ಅಪ್ಪನಿಗೆ ಮಾತ್ರ. ಹಣ್ಣು ಬಡಿಯೋಕೆ ಆಳು ಸಿಕ್ಕಲ್ಲ, ಸಿಕ್ಕಿದ್ರೂ ಅರ್ಧ ಫಸಲು ಕೂಲಿಗೇ ಹೋಗುತ್ತೆ, ನೀರಿಲ್ಲದೆ ರಾಗಿ ಜೊತೆ ತೆಂಗಿನ ಸಸಿಗಳೂ ಒಣಗ್ತಾವೆ. ಅವರು ದಿನಾ ಆ ಮರವನ್ನ ನೋಡ್ತಿದ್ದರು, ಲೆಕ್ಕ ಹಾಕ್ತಿದ್ದರು, ಕೊನೆಗೆ ಕಷ್ಟಪಟ್ಟು ಒಂದು ತೀರ್ಮಾನಕ್ಕೆ ಬಂದರು. ಬರೋ ಮುಂಚೆ ನನ್ನನ್ನ ಕೇಳಿದರು. ನೋಡದೇ ಇದ್ದವನು ನಾನು. ದಿನಕ್ಕೆ ಹತ್ತು ಸಲ ನೋಡ್ತಿದ್ದೀನಿ ಅಂದುಕೊಂಡೇ ನೋಡದೇ ಇದ್ದೆ. ಫೋಟೋ ಇಲ್ಲದಿದ್ರೆ ಒಂದು ದಿನವಾದ್ರೂ "ಮರ ಹೆಂಗಿದೆ?" ಅಂತ ಕೇಳ್ತಿದ್ದೆನೋ ಏನೋ. ಫೋಟೋ ಇದ್ದದ್ದರಿಂದ ಕೇಳೋ ಅಗತ್ಯವೇ ಬೀಳಲಿಲ್ಲ. ಮ್ಯಾಗ್ರಿಟ್ ಹೇಳಿದ 'ಮರೆಮಾಡುತ್ತದೆ' ಅನ್ನೋ ಮಾತಿನ ಅರ್ಥ ನನಗೆ ಆಗಿದ್ದು ಆ ಬೊಡ್ಡೆ ಮುಂದೆ.

ಇನ್ನು ಆಕ್ಷೇಪಣೆಗಳಿಗೆ ಬರ್ತೀನಿ.

"ಮ್ಯಾಗ್ರಿಟ್ ಏನು ಪರಿಸರವಾದಿನಾ?" ಅಲ್ಲ. ಸೂಟು ಹಾಕಿಕೊಂಡು, ಬ್ರಸೆಲ್ಸಿನ ಜೆಟ್ ಅನ್ನೋ ಬಡಾವಣೆಯ ಸಾಧಾರಣ ಮನೆಯ ಊಟದ ಕೋಣೆಯಲ್ಲಿ ಕೂತು ಚಿತ್ರ ಬರೀತಿದ್ದ ಮನುಷ್ಯ ಅವನು. ಮರ ಉಳಿಸಿ ಅಂತ ಅವನೆಲ್ಲೂ ಸಾರಲಿಲ್ಲ. ತನ್ನ ಚಿತ್ರಗಳಲ್ಲಿ ಸಂಕೇತ ಹುಡುಕುವವರನ್ನ ಕಂಡ್ರೆ ಅವನಿಗೆ ಆಗ್ತಿರಲಿಲ್ಲ ಕೂಡ. ಹಾಗಾಗಿ ಈ ಮರ ಪ್ರಕೃತಿಯ ಸಂಕೇತ, ಆ ಕಿಟಕಿ ಆಧುನಿಕತೆಯ ಸಂಕೇತ ಅಂತ ನಾನು ಹೇಳೋದಿಲ್ಲ. ಮರ ಮರವೇ. ಕ್ಯಾನ್ವಾಸ್ ಕ್ಯಾನ್ವಾಸೇ. ಒಂದು ಇನ್ನೊಂದರ ಮುಂದೆ ನಿಂತಿದೆ. ನನ್ನ ವಾದಕ್ಕೆ ಇಷ್ಟೇ ಸಾಕು.

ಅವನ ಹೊಟ್ಟೆಪಾಡು ಏನಾಗಿತ್ತು ಅನ್ನೋದನ್ನೂ ನೋಡಿ. 1920ರ ದಶಕದ ಆರಂಭದಲ್ಲಿ ಮ್ಯಾಗ್ರಿಟ್ ಒಂದು ವಾಲ್‌ಪೇಪರ್ ಕಾರ್ಖಾನೆಯಲ್ಲಿ ಡಿಸೈನು ಬರೆಯೋ ಕೆಲಸಕ್ಕಿದ್ದ. ಹೌದು, ವಾಲ್‌ಪೇಪರ್! ಗೋಡೆಗೆ ಅಂಟಿಸೋದು. ಆಮೇಲೆ ತಮ್ಮನ ಜೊತೆ ಸೇರಿ ಜಾಹೀರಾತಿನ ಸ್ಟುಡಿಯೋ ನಡೆಸಿದ. ಚಿತ್ರ ಅನ್ನೋದು ಯಾವುದನ್ನ ಮುಚ್ಚೋಕೆ ಉಪಯೋಗಕ್ಕೆ ಬರುತ್ತೆ, ಹೇಗೆ ಮಾರಾಟ ಮಾಡುತ್ತೆ ಅಂತ ದಿನಗೂಲಿಯಲ್ಲಿ ಕಲಿತವನು. 1929ರಲ್ಲಿ ಪೈಪಿನ ಚಿತ್ರ ಬರೆದು ಅದರ ಕೆಳಗೆ ಇದು ಪೈಪ್ ಅಲ್ಲ ಅಂತ ಬರೆದದ್ದೂ ಇವನೇ. ಅದನ್ನ ನಾವು ಟೀ ಶರ್ಟಿನ ಮೇಲೆ ಹಾಕಿಕೊಂಡು ಕಿಲಾಡಿ ಜೋಕು ಅಂತ ನಕ್ಕೆವು. ಆತ ಹೇಳಿದ್ದು ಜೋಕಲ್ಲ. ಆ ಚಿತ್ರಕ್ಕೆ ಅವನಿಟ್ಟ ಹೆಸರೇ 'ಚಿತ್ರಗಳ ದ್ರೋಹ'.

"ಚಿತ್ರ ನೋಡಿ ಮರದ ಮೇಲೆ ಪ್ರೀತಿ ಹುಟ್ಟಲ್ವಾ?" ಇದು ಎರಡನೇ ಆಕ್ಷೇಪಣೆ. ಹುಟ್ಟುತ್ತೆ, ಚಿತ್ರದ ಮೇಲೆ. ನಾನು ಫ್ಲ್ಯಾಟು ತಗೊಂಡಾಗ ಬ್ರೋಷರಿನಲ್ಲಿ ಎಷ್ಟು ಮರ ಇದ್ವು ಅಂದ್ರೆ, ಬಿಲ್ಡಿಂಗ್ ಹುಡುಕಬೇಕಿತ್ತು. ಕಂಪ್ಯೂಟರಿನಲ್ಲಿ ಬೆಳೆಸಿದ ಮರಗಳು. ನೀರು ಬೇಡ, ಎಲೆ ಉದುರಲ್ಲ, ಕಾರಿನ ಮೇಲೆ ಕಾಗೆ ಹೇತು ಹಾಕಲ್ಲ. ಆ ಜಾಗದಲ್ಲಿ ಮೊದಲು ಏನಿತ್ತು ಅಂತ ನಾನು ಕೇಳಿದ್ನಾ? ಇಲ್ಲ. ನೀವು ಕೇಳಿದ್ರಾ? ಜೂನ್ 5 ಬಂದ್ರೆ ನಮ್ಮ ಕಂಪನಿಯಿಂದ ಬಸ್ಸಿನಲ್ಲಿ ಕರ್ಕೊಂಡು ಹೋಗಿ ಸಸಿ ನೆಡಿಸ್ತಾರೆ. ಒಂದೇ ತರದ ಟೀ ಶರ್ಟು, ಗುಂಪು ಫೋಟೋ, ಉಪ್ಪಿಟ್ಟು. ಜೂನ್ 6ಕ್ಕೆ ಅಲ್ಲಿಗೆ ನೀರು ಹಾಕೋಕೆ ಹೋದವರು ನಮ್ಮಲ್ಲಿ ಒಬ್ಬರೂ ಇಲ್ಲ, ನನ್ನನ್ನೂ ಸೇರಿಸಿ. ಫೋಟೋ ಮಾತ್ರ ವರ್ಷವಿಡೀ ಲಿಫ್ಟಿನ ಪಕ್ಕ ಇರುತ್ತೆ. ಆ ಸಸಿಗಳು ಬದುಕಿವೆ ಅಂತ ನಾವೆಲ್ಲಾ ನಂಬಿದೀವಿ, ಯಾಕಂದ್ರೆ ಫೋಟೋದಲ್ಲಿ ಅವು ಬದುಕಿವೆ. ರಸ್ತೆ ಅಗಲ ಮಾಡುವಾಗ ಒಂದು ಕಡಿದ್ರೆ ಹತ್ತು ನೆಡ್ತೀವಿ ಅಂತಾರಲ್ಲ, ಅದೂ ಇಂಥದ್ದೇ ಕ್ಯಾನ್ವಾಸು. ಕಡಿದದ್ದು ಕಣ್ಣೆದುರಿಗೆ, ನೆಟ್ಟದ್ದು ಫೈಲಿನಲ್ಲಿ.

"ಹಾಗಾದ್ರೆ ಆಫೀಸಿನ ಪ್ರಿಂಟು ತೆಗೆದುಹಾಕಬೇಕಾ?" ಮೂರನೆಯದು. ಖಂಡಿತ ಬೇಡ. ನಮ್ಮ ಆಫೀಸಿನಲ್ಲಿ ನಿಜ ಹೇಳ್ತಿರೋ ಗೋಡೆ ಅದೊಂದೇ. ಬೇರೆ ಚಿತ್ರಗಳು ತಾವೇ ಕಿಟಕಿ ಅಂತ ನಂಬಿಸ್ತವೆ. ಈ ಚಿತ್ರ ತನ್ನ ಮೊಳೆ ತೋರಿಸುತ್ತೆ, ಬಿಳಿ ಅಂಚು ತೋರಿಸುತ್ತೆ, ಸ್ಟ್ಯಾಂಡಿನ ಕಾಲು ತೋರಿಸುತ್ತೆ. ನಾನು ಕ್ಯಾನ್ವಾಸ್ ಕಣಯ್ಯಾ, ಮೋಸ ಹೋಗಬೇಡ ಅಂತ ಒಪ್ಪಿಕೊಳ್ಳೋ ಪ್ರಾಮಾಣಿಕತೆ ಅದಕ್ಕಿದೆ. ನನ್ನ ವಾಲ್‌ಪೇಪರಿಗೆ ಅದಿರಲಿಲ್ಲ. ನಮ್ಮ ತಪ್ಪೇನು ಅಂದ್ರೆ, ಇಷ್ಟು ಚೆನ್ನಾಗಿ ಎಚ್ಚರಿಸೋ ಚಿತ್ರವನ್ನೂ ತಂದು ಅಲಂಕಾರ ಮಾಡಿಬಿಟ್ವಿ. ಬೇವು ಅನ್ನೋ ರೂಮಿನ ಪಕ್ಕ ನೇತುಹಾಕಿ "ಸರ್ರಿಯಲ್" ಅಂತ ಒಂದು ಲೇಬಲ್ ಅಂಟಿಸಿ, ಕಾಫಿ ಹಿಡ್ಕೊಂಡು ಮುಂದೆ ಹೋದ್ವಿ.

ಕೋಣೆಯೊಳಗಿನವನಿಗೆ ಒಂದು ದಾರಿ ಯಾವಾಗಲೂ ಇದೆ. ಎದ್ದು ಹೋಗಿ ಆ ಸ್ಟ್ಯಾಂಡನ್ನ ಎರಡು ಹೆಜ್ಜೆ ಪಕ್ಕಕ್ಕೆ ಸರಿಸೋದು. ಮ್ಯಾಗ್ರಿಟ್ ಅದನ್ನ ಬರೆಯಲಿಲ್ಲ, ಬರೆಯೋಕೂ ಆಗಲ್ಲ, ಅದು ನೋಡುವವನ ಕೆಲಸ. ಸರಿಸಿದಾಗ ಮರ ಇರಬಹುದು, ಬೊಡ್ಡೆ ಇರಬಹುದು.

ನಿಮ್ಮ ಫೋನಿನಲ್ಲೂ ಊರಿನ ಒಂದು ಮರ ಇರುತ್ತೆ. ಹಲಸೋ, ಮಾವೋ, ಹೊಂಗೆಯೋ. ಕೆರೆ ಇರಬಹುದು, ತೊಟ್ಟಿಮನೆ ಇರಬಹುದು. ಆ ಫೋಟೋ ತೆಗೆದ ದಿನಾಂಕ ಒಮ್ಮೆ ನೋಡಿ. ಆಮೇಲೆ ಅಪ್ಪನಿಗೋ ಅಮ್ಮನಿಗೋ ಫೋನ್ ಮಾಡಿ, ಹೆಂಗಿದೆ ಅಂತ ಕೇಳಿ. ಯಾರಾದ್ರೂ ಬೆಲೆ ಕಟ್ಟೋಕೆ ಬಂದಿದ್ರಾ, ಮನೆಯಲ್ಲಿ ಏನಾದ್ರೂ ಸುಟ್ಟುಹೋಗಿದೆಯಾ ಅಂತಲೂ ಕೇಳಿ. ಒಂದೇ ಒಂದು ವಿನಂತಿ, ಮೀಟಿಂಗಿನ ಮಧ್ಯೆ ಮ್ಯೂಟ್ ಹಾಕ್ಕೊಂಡು ಕೇಳಬೇಡಿ.